ಎಣ್ಣೆ ಚರ್ಮಕ್ಕೆ ಯಾವ ಟೋನರ್ ಪ್ಯಾಡ್?

ಪ್ರಶ್ನೆ: ನನ್ನದು ಎಣ್ಣೆ ಚರ್ಮ. ಹಣೆ, ಮೂಗಿನ ಮೇಲೆ ಬ್ಲ್ಯಾಕ್‌ಹೆಡ್, ಆಗಾಗ ಕೆಂಪು ಮೊಡವೆ. ಗ್ಲೈಕಾಲಿಕ್ ಆಸಿಡ್ ಇರುವ ಟೋನರ್ ಪ್ಯಾಡಿನಿಂದ (ದ್ರವದಲ್ಲಿ ನೆನೆಸಿಟ್ಟ ಬಟ್ಟೆಯ ತುಂಡು) ದಿನಕ್ಕೆರಡು ಸಲ ಮುಖ ಒರೆಸುತ್ತಿದ್ದೇನೆ. ಈಗ ಮುಖ ಉರಿಯುತ್ತದೆ, ಜಿಡ್ಡು ಮಾತ್ರ ಹೋಗಿಲ್ಲ. ಇನ್ನೂ ಸ್ಟ್ರಾಂಗ್ ಆದದ್ದು ತೆಗೆದುಕೊಳ್ಳಲೇ?

ಉತ್ತರ: ಖಂಡಿತ ಬೇಡ. ಈಗಿನ ಪ್ಯಾಡನ್ನೂ ಇವತ್ತೇ ನಿಲ್ಲಿಸಿ. ಉರಿ ಪೂರ್ತಿ ಹೋಗುವವರೆಗೆ ಸೌಮ್ಯವಾದ ಫೇಸ್‌ವಾಶ್, ಮಾಯಿಶ್ಚರೈಸರ್, ಹಗಲಿನಲ್ಲಿ ಸನ್‌ಸ್ಕ್ರೀನ್ ಇಷ್ಟೇ ಇರಲಿ. ಎಣ್ಣೆ ಗ್ರಂಥಿಗಳಿಗೆ ಚಾಲನೆ ಕೊಡುವುದು ಮುಖ್ಯವಾಗಿ ಹಾರ್ಮೋನು. ಪ್ಯಾಡ್ ತೆಗೆಯುವುದು ಮೇಲೆ ಬಂದ ಜಿಡ್ಡನ್ನಷ್ಟೇ. ಎಷ್ಟು ಒರೆಸಿದರೂ ಅದು ಮತ್ತೆ ಬಂದೇ ಬರುತ್ತದೆ.

ಮುಂದೆ ಕೊಳ್ಳುವಾಗ ಸ್ಯಾಲಿಸಿಲಿಕ್ ಆಸಿಡ್ ಇರುವುದನ್ನು ಆರಿಸಿ. ಅದು ಎಣ್ಣೆಯಲ್ಲಿ ಕರಗುವುದರಿಂದ ರಂಧ್ರದಲ್ಲಿ ಗಟ್ಟಿಯಾಗಿರುವ ಜಿಡ್ಡಿನೊಳಗೂ ಇಳಿಯುತ್ತದೆ. ಗ್ಲೈಕಾಲಿಕ್ ನೀರಿನಲ್ಲಿ ಕರಗುವಂಥದ್ದು; ಅಣು ಬಹಳ ಚಿಕ್ಕದಾದ್ದರಿಂದ ಬೇಗ ಒಳಹೊಕ್ಕು ಸೂಕ್ಷ್ಮ ಚರ್ಮವನ್ನು ಉರಿಸುತ್ತದೆ. ಸ್ಯಾಲಿಸಿಲಿಕ್ ಸಾಮಾನ್ಯವಾಗಿ 0.5ರಿಂದ 2%ವರೆಗೆ ಸಿಗುತ್ತದೆ. ನೀವು 0.5 ಅಥವಾ 1%ರಿಂದ ಆರಂಭಿಸಿ. ಪ್ರಮಾಣವನ್ನೇ ನಮೂದಿಸದ ಡಬ್ಬಿಯನ್ನು ಬಿಟ್ಟುಬಿಡಿ. ಘಟಕಗಳ ಪಟ್ಟಿಯ ಮೊದಲಲ್ಲೇ ಚರ್ಮ ಒಣಗಿಸುವ 'ಆಲ್ಕೋಹಾಲ್ ಡಿನ್ಯಾಟ್' ಇದ್ದರೆ, ಅಥವಾ ಮೆಂಥಾಲ್, ಸುಗಂಧ ಇದ್ದರೆ ಬೇಡ. ಸೀಟೈಲ್ ಆಲ್ಕೋಹಾಲ್ ನೋಡಿ ಹೆದರಬೇಡಿ, ಅದು ಒಣಗಿಸುವ ಜಾತಿಯದಲ್ಲ.

ಪ್ಯಾಡಿನ ಬಟ್ಟೆಯನ್ನೂ ನೋಡಬೇಕು. ಇದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಕೆಲವಕ್ಕೆ ಒಂದು ಬದಿ ಉಬ್ಬುತಗ್ಗು, ಇನ್ನೊಂದು ಬದಿ ನುಣುಪು. ಕೆಂಪು ಮೊಡವೆಯ ಮೇಲೆ ಒರಟು ಬದಿ ಉಜ್ಜಿದರೆ ಉರಿಯೂತ ಹೆಚ್ಚಿ, ಮೊಡವೆ ಹೋದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ನುಣುಪು ಬದಿಯಿಂದ, ಒತ್ತಡ ಹಾಕದೆ, ಒಂದೇ ಸಲ ಸವರಿ. ಕಣ್ಣು, ತುಟಿ, ಮೂಗಿನ ಅಂಚು ಬಿಡಿ.

ವಾರಕ್ಕೆ ಎರಡು ರಾತ್ರಿ ಸಾಕು. ಮುಖ ತೊಳೆದು, ಒಣಗಿದ ಮೇಲೆ ಸವರಿ, ಮಾಯಿಶ್ಚರೈಸರ್ ಹಚ್ಚಿ. ಎರಡು-ಮೂರು ವಾರ ಉರಿ, ಸಿಪ್ಪೆ ಏಳದಿದ್ದರೆ ಮೂರು ರಾತ್ರಿಗೆ ಏರಿಸಬಹುದು. ಅಡಾಪಲೀನ್ ಅಥವಾ ಬೆಂಜಾಯಿಲ್ ಪೆರಾಕ್ಸೈಡ್‌ನಂಥ ಮೊಡವೆ ಔಷಧಿ ಹಚ್ಚುವ ರಾತ್ರಿ ಪ್ಯಾಡ್ ಬೇಡ. ಹಗಲಿಗೆ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ತಪ್ಪಿಸಬೇಡಿ. ಫಲ ಕಾಣಲು ಆರರಿಂದ ಎಂಟು ವಾರ ಬೇಕು.

ಆಸ್ಪಿರಿನ್ ಅಲರ್ಜಿ ಇದ್ದವರು ಸ್ಯಾಲಿಸಿಲಿಕ್ ಬಳಸಬಾರದು. ಗರ್ಭಿಣಿಯರು ವೈದ್ಯರನ್ನು ಕೇಳಿ. ಚರ್ಮದ ಆಳದಲ್ಲಿ ನೋಯುವ ಗಂಟುಗಳಿದ್ದರೆ ಯಾವ ಪ್ಯಾಡೂ ಅಲ್ಲಿಗೆ ತಲುಪದು. ಗುಳಿ ಬೀಳುವ ಮುಂಚೆ ಚರ್ಮವೈದ್ಯರನ್ನು ಕಾಣಿ.