ಹೆರಿಗೆಯ ನಂತರ ಆಶಾ ಕಾರ್ಯಕರ್ತೆ ಎಷ್ಟು ಸಲ ಮನೆಗೆ ಬರುತ್ತಾರೆ?

ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ ಆರು ಸಲ: 3, 7, 14, 21, 28 ಮತ್ತು 42ನೆಯ ದಿನ. ಮನೆಯಲ್ಲೇ ಆಗಿದ್ದರೆ ಮೊದಲ ದಿನವೂ ಸೇರಿ ಏಳು. ಮುಂದೆ ಮಗುವಿಗೆ 3, 6, 9, 12, 15 ತಿಂಗಳು ತುಂಬಿದಾಗ ಮತ್ತೆ ಬರುತ್ತಾರೆ. ಹಣ ಕೊಡಬೇಕಾಗಿಲ್ಲ.

ಮಗುವಿನ ತೂಕ, ಮೈಬಿಸಿ, ಹೊಕ್ಕುಳು, ಹಾಲು ಕುಡಿಯುವ ರೀತಿ, ತಾಯಿಯ ರಕ್ತಸ್ರಾವ, ಜ್ವರ ಎಲ್ಲವನ್ನೂ ವಿಚಾರಿಸುತ್ತಾರೆ. ಬಾಣಂತಿ ಕೋಣೆಗೆ ಹೊರಗಿನವರು ಬೇಡವೆಂದು ಹಿರಿಯರು ತಡೆಯುವುದುಂಟು. ದಯವಿಟ್ಟು ಒಪ್ಪಿಸಿ, ಒಳಗೆ ಕರೆಯಿರಿ. ತವರಿಗೆ ಹೋಗುವುದಾದರೆ ಅಲ್ಲಿನ ಆಶಾಗೆ ಮೊದಲೇ ತಿಳಿಸಿ, ತಾಯಿ ಕಾರ್ಡ್ ಜೊತೆಗಿರಲಿ.

ಮಗು ಹಾಲು ಬಿಟ್ಟರೆ, ಮೈ ತಣ್ಣಗಾದರೆ, ಉಸಿರಾಡುವಾಗ ಎದೆ ಒಳಸೇದಿದರೆ ಯಾವ ಭೇಟಿಗೂ ಕಾಯಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ.