ಮಳೆ ನಿಂತ ಮೇಲೆ ನದಿ ನೋಡಿ

ನಿಮ್ಮ ಪ್ರಶ್ನೆ ಓದಿ ಕೂಡಲೇ ಬರೆಯಲು ಕೂತೆ. ಸಾಗರದಿಂದ ಟೋಕಿಯೋಗೆ ಬಂದು ಎರಡೇ ತಿಂಗಳು, ನಿಶಿಕಸಾಯಿಯಲ್ಲಿ ಮನೆ, ಮೂರು ವರ್ಷದ ಮಗು. ವಾರದಿಂದ ಮಳೆ ಬಿಟ್ಟಿಲ್ಲ. ಮೊನ್ನೆ ರಾತ್ರಿ ಭೂಕಂಪದ ಎಚ್ಚರಿಕೆಗೆ ಫೋನ್ ಕಿರುಚಿಕೊಂಡಿತು, ಮನೆ ಅಲುಗಾಡಿತು, ಅವತ್ತಿನಿಂದ ನಿದ್ದೆ ಇಲ್ಲ. ‘ನೀವೆಲ್ಲ ಇಲ್ಲಿ ಹೇಗೆ ಇದ್ದೀರಿ ಅಕ್ಕಾ, ನಾವು ವಾಪಸ್ ಹೋಗಿಬಿಡಲಾ’ ಅಂತ ಕೇಳಿದ್ದೀರಿ. ನಾನು ತೀರ್ಥಹಳ್ಳಿ ಕಡೆಯವಳು. 2010ರಿಂದ ನಿಶಿಕಸಾಯಿ ಇರುವ ಇದೇ ಎಡೊಗಾವಾ ವಾರ್ಡಿನಲ್ಲಿ ಇದ್ದೇನೆ. ಭಯ ಪೂರ್ತಿ ಹೋಗುತ್ತದೆ ಅಂತ ನಾನು ಹೇಳುವುದಿಲ್ಲ, ನನಗೇ ಹೋಗಿಲ್ಲ. ಆದರೆ ನಿದ್ದೆ ಬರುತ್ತದೆ.

ಮೊದಲು ಈ ಜೂನ್ ಮಳೆ. ನಾವು ಮಳೆಗೆ ಆರಿದ್ರಾ, ಪುಷ್ಯ ಅಂತ ನಕ್ಷತ್ರದ ಹೆಸರಿಟ್ಟ ಹಾಗೆ ಇವರು ಪ್ಲಮ್ ಹಣ್ಣಿನ ಹೆಸರಿಟ್ಟಿದ್ದಾರೆ, ‘ತ್ಸುಯು’ ಬರೆಯುವ ಅಕ್ಷರಗಳಲ್ಲೇ ಆ ಹಣ್ಣಿದೆ. ಜುಲೈ ನಡುವಿನ ಹೊತ್ತಿಗೆ ಸಾಮಾನ್ಯವಾಗಿ ಮುಗಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತದೆ, ಟೋಕಿಯೋದಲ್ಲಿ 1,600ರ ಆಸುಪಾಸು. ಮಳೆಯ ಲೆಕ್ಕದಲ್ಲಿ ನಾವು ಇದಕ್ಕಿಂತ ಎಷ್ಟೋ ಜಾಸ್ತಿ ನೋಡಿದವರು, ಅಲ್ವಾ? ಬಟ್ಟೆ ಒಣಗುವುದಿಲ್ಲ, ಬೀರುವಿನಲ್ಲಿ ಬೂಷ್ಟು ಹಿಡಿಯುತ್ತದೆ, ಅಷ್ಟೇ. ಬಚ್ಚಲಿನಲ್ಲಿ ಬಟ್ಟೆ ಒಣಗಿಸುವ ಫ್ಯಾನ್ ಇದೆಯಾ ನೋಡಿ. ಹಾಸಿಗೆಯನ್ನು ನೆಲದ ಮೇಲೆ ಹಾಗೇ ಬಿಡಬೇಡಿ.

ನಿಜವಾಗಿ ಗಮನ ಕೊಡಬೇಕಾದ್ದು ಸೆಪ್ಟೆಂಬರ್, ಅಕ್ಟೋಬರ್‌ನ ಟೈಫೂನ್‌ಗೆ. ನಮ್ಮ ಮಲೆನಾಡಿನಲ್ಲಿ ನೀರು ಇಳಿದು ಹೋಗುತ್ತದೆ. ಇಲ್ಲಿ ನಾವು ಬಟ್ಟಲಿನ ತಳದಲ್ಲಿದ್ದೇವೆ. ಎಡೊಗಾವಾದ ನೆಲದಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಭಾಗ, ಸಮುದ್ರ ಉಬ್ಬರ ಬಂದಾಗಿನ ಮಟ್ಟಕ್ಕಿಂತ ಕೆಳಗಿದೆ. ಪಕ್ಕದಲ್ಲಿ ಹರಿಯುವ ಅರಕಾವಾ ನದಿ ಈ ಭಾಗದಲ್ಲಿ ಮನುಷ್ಯರೇ ತೋಡಿದ ಹೊಳೆ. 1910ರ ದೊಡ್ಡ ನೆರೆ ನೋಡಿ ಅಗೆಯಲು ಹೊರಟವರು 1930ರಲ್ಲಿ ಮುಗಿಸಿದರು. 2019ರಲ್ಲಿ ಇಲ್ಲಿನ ವಾರ್ಡ್ ಆಫೀಸು ಮನೆಮನೆಗೆ ನೆರೆಯ ನಕ್ಷೆ ಹಂಚಿತು. ಅದರ ಮುಖಪುಟದಲ್ಲೇ ‘ಇಲ್ಲಿ ಇರಬಾರದು’ ಅಂತ ಬರೆದಿತ್ತು! ಓದಿ ಕೈ ನಡುಗಿತ್ತು ನನಗೆ. ಈಗ ಅನ್ನಿಸುತ್ತದೆ, ಇಷ್ಟು ನೇರವಾಗಿ ಹೇಳಿದ್ದೇ ದೊಡ್ಡ ಉಪಕಾರ.

ಅದೇ ವರ್ಷ ಅಕ್ಟೋಬರ್ 12ಕ್ಕೆ ಹಗಿಬಿಸ್ ಟೈಫೂನ್ ಬಂತು. ಮಧ್ಯಾಹ್ನವೇ ಮಗಳನ್ನು ಕರೆದುಕೊಂಡು ಎತ್ತರದ ಜಾಗದಲ್ಲಿರುವ ಗೆಳತಿಯ ಮನೆಗೆ ಹೋದೆವು. ರಾತ್ರಿ ಗಾಳಿ ಮಳೆ ಎರಡೂ ನಿಂತವು. ‘ಮುಗೀತಲ್ಲ, ಮನೆಗೆ ಹೋಗೋಣ’ ಅಂದರು ನಮ್ಮವರು. ನಾನು ಬಿಡಲಿಲ್ಲ. ಚಿಕ್ಕಂದಿನಲ್ಲಿ ನೋಡಿದ್ದೆ: ಶೃಂಗೇರಿ ಕಡೆ ಮಳೆ ಹೊಯ್ದರೆ ತೀರ್ಥಹಳ್ಳಿಯಲ್ಲಿ ಬಿಸಿಲಿದ್ದರೂ ತುಂಗೆ ಏರುತ್ತಿದ್ದಳು, ರಾಮಮಂಟಪ ಎಷ್ಟು ಮುಳುಗಿದೆ ಅಂತ ನೋಡಲು ಜನ ಹೋಗುತ್ತಿದ್ದರು. ಇಲ್ಲೂ ಹಾಗೇ. ಅರಕಾವಾದ ನೀರು ಚಿಚಿಬು ಬೆಟ್ಟಗಳಿಂದ ಬರಬೇಕು. ಅವತ್ತೂ ಮಳೆ ನಿಂತ ಮೇಲೆ ಏರುತ್ತಲೇ ಇತ್ತು, ಮಾರನೇ ದಿನ ಬೆಳಿಗ್ಗೆ ಮಟ್ಟ ಇಳಿಯತೊಡಗಿದ ಮೇಲೆ ಮನೆಗೆ ಬಂದೆವು. ಈ ಭಾಗದಲ್ಲಿ ಕಟ್ಟೆ ಒಡೆಯಲಿಲ್ಲ. ಆದರೆ ಅದೇ ಟೈಫೂನ್‌ಗೆ ನಾಗಾನೋದಲ್ಲಿ ಚಿಕುಮಾ ನದಿಯ ಕಟ್ಟೆ ಒಡೆದು ಊರಿಗೆ ಊರೇ ಕೆಸರಾಯಿತು.

ಅದಕ್ಕೇ ಹೇಳುತ್ತೇನೆ, ಯಾವಾಗ ಹೊರಡಬೇಕು ಎನ್ನುವುದನ್ನು ಇವತ್ತೇ ತೀರ್ಮಾನ ಮಾಡಿ. ನಡುರಾತ್ರಿ ಕೂತು ಯೋಚಿಸುವ ವಿಷಯ ಅದಲ್ಲ. ಇಲ್ಲಿ ಎಚ್ಚರಿಕೆ 1ರಿಂದ 5ರವರೆಗೆ ಇರುತ್ತದೆ. 4 ಅಂದರೆ ಎಲ್ಲರೂ ಹೊರಡಿ ಅಂತ. 5 ಬಂದಾಗ ತಡವಾಗಿರುತ್ತದೆ. 3 ಇರುವುದು ವಯಸ್ಸಾದವರಿಗೆ ಮತ್ತು ಹೊರಡಲು ಹೊತ್ತು ಹಿಡಿಯುವವರಿಗೆ. ಪುಟ್ಟ ಮಗು ಇರುವ ನಿಮಗೆ ಅದೇ ಗಡುವು. ‘ಹಿನಾನ್’ ಎಂಬ ಒಂದು ಪದ ಕಿವಿಗೆ ಬಿದ್ದರೆ ಸಾಕು, ಸುರಕ್ಷಿತ ಜಾಗಕ್ಕೆ ಹೋಗುವ ಮಾತು ಅಂತ ತಿಳಿಯಿರಿ. ಇನ್ನೊಂದು, ಎರಡನೇ ಮಹಡಿ ಅಂದಿದ್ದೀರಿ. ಇಲ್ಲಿ ನೆಲಮಹಡಿಯೇ ಒಂದನೇದು, ಹಾಗಾಗಿ ನಿಮ್ಮದು ನಮ್ಮ ಲೆಕ್ಕದಲ್ಲಿ ಮೊದಲನೇ ಮಹಡಿ. ನಕ್ಷೆಯಲ್ಲಿ ನಿಮ್ಮ ಬೀದಿಯ ಬಣ್ಣ ನೋಡಿ, ನೀರು ಅಲ್ಲಿಗೆ ಮುಟ್ಟುತ್ತದಾ ಅಂತ ತಿಳಿದುಕೊಳ್ಳಿ. ನಮಗೆ ಮನೆ ತೋರಿಸಿದ ಏಜೆಂಟ್ ಇದರ ಬಗ್ಗೆ ಬಾಯೇ ಬಿಟ್ಟಿರಲಿಲ್ಲ. 2020ರ ಆಗಸ್ಟ್‌ನಿಂದ ನಕ್ಷೆ ತೋರಿಸಿ ವಿವರಿಸುವುದು ಕಡ್ಡಾಯವಾಗಿದೆ, ನಿಮಗೆ ಕೊಟ್ಟ ಕಾಗದಗಳಲ್ಲಿ ಹುಡುಕಿ.

ಭೂಕಂಪದ ವಿಷಯ ಬೇರೆ, ಅದು ಹೇಳಿ ಬರುವುದಿಲ್ಲ. ಫೋನ್ ಕೂಗಿದ ಮೇಲೆ ಸಿಗುವುದು ಕೆಲವೇ ಸೆಕೆಂಡು. ಹೊರಗೆ ಓಡಬೇಡಿ, ಮಗುವನ್ನು ಎಳೆದುಕೊಂಡು ಮೇಜಿನ ಕೆಳಗೆ ಹೋಗಿ. ಗ್ಯಾಸ್ ಆರಿಸಲು ಅಡುಗೆಮನೆಗೆ ಹೋಗುವುದೂ ಬೇಡ, ಜೋರಾಗಿ ನಡುಗಿದರೆ ಮೀಟರೇ ಗ್ಯಾಸ್ ನಿಲ್ಲಿಸುತ್ತದೆ. ಬೀರುವನ್ನು ಗೋಡೆಗೆ ಬಿಗಿಸಿ, ಹಾಸಿಗೆಯ ಪಕ್ಕ ಚಪ್ಪಲಿ ಇಡಿ. 2011ರ ಮಾರ್ಚ್ 11ರ ದೊಡ್ಡ ಭೂಕಂಪದ ದಿನ ನಾನು ಇದೇ ನಿಶಿಕಸಾಯಿಯಲ್ಲಿ ಒಬ್ಬಳೇ ಇದ್ದೆ. ರೈಲು ನಿಂತು ಹೋಗಿತ್ತು, ಫೋನ್ ಸಿಗಲಿಲ್ಲ, ನಮ್ಮವರು ನಡೆದು ಬಂದು ಮನೆ ಮುಟ್ಟಿದಾಗ ನಡುರಾತ್ರಿ. ಆ ಕೆಲವು ಗಂಟೆ ನಡುಕಕ್ಕಿಂತ ಕಷ್ಟವಾಗಿತ್ತು. ಇಂಥ ಹೊತ್ತಿನಲ್ಲಿ 171ಕ್ಕೆ ಫೋನ್ ಮಾಡಿ ನಮ್ಮ ಮಾತು ರೆಕಾರ್ಡ್ ಮಾಡಿಟ್ಟರೆ ಇನ್ನೊಬ್ಬರು ಕೇಳಿಸಿಕೊಳ್ಳಬಹುದು ಎಂಬುದು ನನಗೆ ಆಗ ಗೊತ್ತಿರಲಿಲ್ಲ. ನೀವಿಬ್ಬರೂ ಇವತ್ತೇ ಬರೆದಿಟ್ಟುಕೊಳ್ಳಿ.

ಬ್ಯಾಗಿನಲ್ಲಿ ನೀರು, ಟಾರ್ಚು, ಪಾಸ್‌ಪೋರ್ಟು, ರೆಸಿಡೆನ್ಸ್ ಕಾರ್ಡು, ಮಗುವಿನ ಬಟ್ಟೆ ಇರಲಿ. ನೀರಿಲ್ಲದಾಗ ಬಳಸುವ ಟಾಯ್ಲೆಟ್ ಚೀಲ ಮರೆಯಬೇಡಿ. ಜೊತೆಗೆ ಅವಲಕ್ಕಿ, ಚಟ್ನಿಪುಡಿ. ಒಲೆ ಬೇಡ, ನೆನೆಸಿದರೆ ಊಟ. ಆಶ್ರಯ ಕೇಂದ್ರದಲ್ಲಿ ಕೊಡುವುದನ್ನು ನಿಮ್ಮ ಮಗು ತಿನ್ನದಿದ್ದರೂ ಇದನ್ನು ತಿನ್ನುತ್ತದೆ.

ವಾಪಸ್ ಹೋಗುವ ಮಾತು ನಿಮ್ಮ ಮನೆಯವರು ಕೂತು ಯೋಚಿಸಬೇಕಾದ್ದು. ನಿದ್ದೆಗೆಟ್ಟ ವಾರದಲ್ಲಿ ಮಾತ್ರ ತೀರ್ಮಾನಿಸಬೇಡಿ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದ ದಿನ ನಾನು ಇಲ್ಲಿ ಕೂತು ಮಡಿಕೇರಿಯ ಚಿಕ್ಕಮ್ಮನಿಗೆ ಇಡೀ ದಿನ ಫೋನ್ ಹಚ್ಚುತ್ತಿದ್ದೆ.

ಈ ಭಾನುವಾರ ಬಿಡುವಿದ್ದರೆ ಹೇಳಿ. ಮಗುವನ್ನೂ ಕರೆದುಕೊಂಡು ನಿಮ್ಮ ಮನೆಯಿಂದ ಆಶ್ರಯಕ್ಕೆ ಗೊತ್ತು ಮಾಡಿದ ಶಾಲೆವರೆಗೆ ನಡೆದು ನೋಡೋಣ, ಎಷ್ಟು ನಿಮಿಷ ಬೇಕು ಅಂತ. ಆಮೇಲೆ ಅರಕಾವಾ ಕಟ್ಟೆ ಹತ್ತಿ ಬರೋಣ. ಮಳೆ ಇದ್ದರೂ ಪರವಾಗಿಲ್ಲ, ಕೊಡೆ ತನ್ನಿ.