ತಂದೆಯವರ ಹಳೇ ಆಪ್ಟ್ರಾ ಕಾರಿಗೆ ಎಷ್ಟು ಬೆಲೆ ಹೇಳಬಹುದು?
ಸರ್, 2011ರ ಡೀಸೆಲ್ ಆಪ್ಟ್ರಾ ಎಂದಿರಿ, ಡೀಲರ್ ಹೇಳಿದ ಬೆಲೆ ಕೇಳಿ ಬೇಜಾರಾಯಿತು ಎಂದಿರಿ. ನಿಜ, ತಂದೆಯವರು ಅಷ್ಟು ಜೋಪಾನ ಮಾಡಿದ ಗಾಡಿ. ಆದರೆ ಆಪ್ಟ್ರಾ ತಯಾರಿಸಿದ ಷೆವರ್ಲೆ 2017ರಲ್ಲೇ ಭಾರತದಲ್ಲಿ ಮಾರಾಟ ನಿಲ್ಲಿಸಿತು. ಕೊಳ್ಳುವವರು ಮೊದಲು ಹೆದರುವುದು ಬಿಡಿಭಾಗಕ್ಕೆ. ಅದಕ್ಕಿಂತ ದೊಡ್ಡ ಚಿಂತೆ ಆರ್‌ಸಿ, ಅಂದರೆ ಗಾಡಿಯ ನೋಂದಣಿ ಪತ್ರ. 15 ವರ್ಷಕ್ಕೆ ಅದರ ಅವಧಿ ಮುಗಿಯುತ್ತದೆ. ಎಫ್‌ಸಿ (ಗಾಡಿ ಓಡಿಸಲು ಯೋಗ್ಯವೆಂಬ ಪ್ರಮಾಣಪತ್ರ) ಮಾಡಿಸಿ ನವೀಕರಿಸಿದರೆ ಇನ್ನೈದು ವರ್ಷ ಸಿಗುತ್ತದೆ, ಆಗ ಬೆಲೆ ಮಾತಾಡಲು ನಿಮಗೂ ಧೈರ್ಯ. ಪೇಂಟಿಂಗ್‌ಗೆ ಮಾತ್ರ ದುಡ್ಡು ಸುರಿಯಬೇಡಿ, ಅದು ವಾಪಸ್ ಬರುವುದಿಲ್ಲ. ಗುಜರಿಯವರ ಬೆಲೆಯನ್ನೂ ಕೇಳಿಟ್ಟುಕೊಳ್ಳಿ, ಅದಕ್ಕಿಂತ ಕೆಳಗೆ ಇಳಿಯಬೇಡಿ. ನಿಮ್ಮೂರಿನ ಮೆಕ್ಯಾನಿಕ್‌ಗಳಿಗೂ ಹೇಳಿಡಿ. ಈ ಇಂಜಿನ್ ಬಲ್ಲವರೇ ಇದನ್ನು ಕೊಳ್ಳುವುದು. ಮಾರುವಾಗ ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿಸಿ, ಹೆಸರು ಬದಲಾಗುವವರೆಗೂ ಬೆನ್ನು ಬಿಡಬೇಡಿ. ಇಲ್ಲದಿದ್ದರೆ ದಂಡದ ನೋಟಿಸು ತಂದೆಯವರ ಹೆಸರಿಗೇ ಬರುತ್ತದೆ.